ರದ್ದಾದ ನುಡಿಗಟ್ಟುಗಳನ್ನು ಒಮ್ಮೆ ಕೇಳಿ

ಮುಂಬಡ್ತಿ ಪರೀಕ್ಷೆಯ ಮಾನ್ಯ ನಿಯಂತ್ರಕರೇ,

ಈ ವರ್ಷದಿಂದ ಪರೀಕ್ಷೆಯಲ್ಲಿ ಇಂಗ್ಲಿಷ್ ನುಡಿಗಟ್ಟುಗಳ ಇಪ್ಪತ್ತು ಅಂಕಗಳನ್ನು ಕೈಬಿಟ್ಟಿದ್ದೀರಿ. ಕಚೇರಿ ಕೆಲಸಕ್ಕೆ ಅವು ಅನಗತ್ಯವೆಂದು ಈಗ ನಿಮಗೆ ಹೊಳೆದಿದೆ. ನಾಲ್ಕು ವರ್ಷದ ಹಿಂದೆ ಮನವಿ ಬರೆದು ಇದನ್ನೇ ಬೇಡಿದವನು ನಾನು. ಆ ಮನವಿಯನ್ನು ಈಗ ಪುರಸ್ಕರಿಸಿದ್ದೀರಲ್ಲ, ಅದೇ ನನ್ನ ತಕರಾರು.

ಲಕೋಟೆಗೆ ವಿಳಾಸ ಬರೆಯುವ ರವಾನೆ ಗುಮಾಸ್ತನಿಗೆ ಇಂಗ್ಲಿಷರ 'ಬ್ಲೂ ಮೂನ್' ಎಂಬ ನೀಲಿ ಚಂದ್ರ ಎಷ್ಟು ಅಪರೂಪವೆಂಬುದು ತಿಳಿದಿರಬೇಕಿತ್ತೆ? ಕನ್ನಡ ಮಾಧ್ಯಮದ ಪದವೀಧರ ನಾನು. ಆ ಇಪ್ಪತ್ತರಲ್ಲೇ ಎರಡು ಸಲ ಮುಗ್ಗರಿಸಿದೆ. ಆಗ ಮನೆಯಲ್ಲೇ ಬಟ್ಟೆ ಹೊಲಿಯುವ ನನ್ನ ಅಕ್ಕ ಪರೀಕ್ಷಕಿಯಾದಳು. ಅವಳಿಗೆ ಇಂಗ್ಲಿಷ್ ಅಕ್ಷರ ಬಾರದು. ಬಟ್ಟೆಯ ಅಳತೆಗೆಂದು ಕತ್ತರಿಸುವ ಕಂದು ಕಾಗದದ ಮೇಲೆ ಇನ್ನೂರು ನುಡಿಗಟ್ಟುಗಳನ್ನು ಅರ್ಥಸಹಿತ ಕನ್ನಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿದೆ. ನಾನು ಗೋಡೆಗೆ ಬೆನ್ನು ಹಾಕಿ ಕೂರಬೇಕು, ಅವಳು ಹೊಲಿಯುತ್ತಲೇ ಕೇಳಬೇಕು. ಉತ್ತರ ಸರಿಯಿದ್ದರೆ ಮಿಷನ್ ಓಡುತ್ತಿತ್ತು. ತಪ್ಪಿದರೆ ಗಕ್ಕನೆ ನಿಲ್ಲುತ್ತಿತ್ತು. ಅಷ್ಟು ನಿಷ್ಪಕ್ಷಪಾತವಾದ ಮೌಲ್ಯಮಾಪನವನ್ನು ನಿಮ್ಮ ಕಚೇರಿ ಕಂಡಿದೆಯೇ?

"ಲೋ ಗ್ರಾಜುಯೇಟು, ಕಿಕ್ ದಿ ಬಕೆಟ್?"

"ಬಕೆಟ್ಟಿಗೆ ಒದ್ದ, ಏಳದಂತೆ ಬಿದ್ದ. ಸತ್ತ ಅಂತ ಕಣಕ್ಕ."

"ಸಾಯೋನಿಗೆ ಒದಿಯೋಕೆ ಶಕ್ತಿ ಎಲ್ಲಿರುತ್ತೋ? ಪಾಪ, ಸುಮ್ನೆ ಮಲಗಿರ್ತಾನೆ."

ಪರೀಕ್ಷೆಯನ್ನು ನೀವು ಮುಂದೂಡಿದಿರಿ. ಅಕ್ಕ ಹಾಸಿಗೆ ಹಿಡಿದಳು. ನೀವು ಮತ್ತೆ ಮುಂದೂಡಿದಿರಿ.

"ಒಳ್ಳೇದೇ ಆಯ್ತು ಬಿಡೋ. ನೂರಾ ನಲವತ್ತರಿಂದ ಆಚೆ ನೀನಿನ್ನೂ ಹಸಿ," ಎಂದಳು. ಆ ವಾರವೇ, ಅವಳು ಹೇಳಿದ್ದ ಹಾಗೆಯೇ, ಯಾವುದಕ್ಕೂ ಒದೆಯದೆ ಸುಮ್ಮನೆ ಮಲಗಿ ಹೋಗಿಬಿಟ್ಟಳು.

ಉಳಿದ ಅರವತ್ತನ್ನು ನಾನೊಬ್ಬನೇ ಕಲಿತೆ. ಕಚೇರಿಯಿಂದ ಬಂದವನು ಚಪ್ಪಲಿ ಬಿಟ್ಟು, ಮಿಷನ್ನಿನ ಮುಂದೆ ಕೂತು ಒಪ್ಪಿಸುತ್ತೇನೆ. ಅದು ನಿಂತೇ ಇರುತ್ತದೆ. ಹೀಗಾಗಿ ಸರಿಯುತ್ತರವೂ ನನ್ನ ಕಿವಿಗೆ ತಪ್ಪೆಂದೇ ಕೇಳುತ್ತದೆ.

"ಅಭ್ಯರ್ಥಿಗಳ ಹಿತದೃಷ್ಟಿಯಿಂದ" ಕೈಬಿಡಲಾಗಿದೆ ಎಂದು ನಿಮ್ಮ ಆದೇಶ ಹೇಳುತ್ತದೆ. ಯಾವ ಅಭ್ಯರ್ಥಿ ಸ್ವಾಮಿ? ನಾವು ಇಬ್ಬರಿದ್ದೆವು.

ನನಗೆ ಅಂಕ ಬೇಡ, ಮುಂಬಡ್ತಿಯೂ ಬೇಡ. ಒಂದು ದಿನ ನಿಮ್ಮ ಕೋಣೆಗೆ ಕರೆಸಿ, ಆ ಅರವತ್ತನ್ನು ಒಮ್ಮೆ ಕೇಳಿ. ಸರಿಯೋ ತಪ್ಪೋ ಹೇಳಿ. ಬಾಯಿಬಿಟ್ಟು ಹೇಳಲು ನಿಯಮ ಅಡ್ಡ ಬಂದರೆ, ಬೆರಳಿನಿಂದ ಮೇಜು ತಟ್ಟುತ್ತಿರಿ. ತಪ್ಪಿದಾಗ ನಿಲ್ಲಿಸಿ. ನನಗೆ ತಿಳಿಯುತ್ತದೆ.

ಇಂತಿ,
ಇನ್ನೂರೂ ಬಲ್ಲ, ಆದರೆ ಕೇಳುವವರಿಲ್ಲದ
ರವಾನೆ ವಿಭಾಗದ ಗುಮಾಸ್ತ