ಶುಭ ಶುಕ್ರವಾರದ ಬಟ್ಟಲು

ದೇವನಹಳ್ಳಿ, ೧೯೬೮

ಇನ್ನಾಸಪ್ಪಾ,

ಇವತ್ತು ಶುಭ ಶುಕ್ರವಾರ, ಉಪವಾಸ. ಬೆಳಿಗ್ಗೆ ಕೊಟ್ಟಿಗೆ ಬಾಚಿ, ನೀರು ಸೇದಿಟ್ಟು, ಒಲೆ ಹಚ್ಚದೆ ಜಪಸರ ಹಿಡಿದು ಕೂತಿದ್ದೆ. ಆಗ ನೀನು ಬಂದೆ. ಬೋಳು ತಲೆ, ಕಾವಿ ಬಟ್ಟೆ, ಕೈಯಲ್ಲೊಂದು ಬಟ್ಟಲು. ಚರ್ಚಿನಲ್ಲಿ ಜ್ಞಾನಸ್ನಾನ ಪಡೆದ ನನ್ನ ತಮ್ಮ ಬುದ್ಧನ ಭಿಕ್ಷುವಾಗಿ ನನ್ನ ಬಾಗಿಲಲ್ಲೇ ಬೇಡಲು ನಿಂತ!

“ಇವತ್ತು ಸಂಜೆವರೆಗೂ ಒಲೆ ಹಚ್ಚಲ್ಲ ಕಣೋ. ಕೂದಲ ಜೊತೆ ಆ ನೆನಪನ್ನೂ ಬೋಳಿಸ್ಬಿಟ್ರಾ?” ಅಂದೆ.

“ಮರ್ತಿಲ್ಲಕ್ಕ. ಅವ್ವನ ಸಮಾಧಿ ಹತ್ರ ಒಂದ್ಗಳಿಗೆ ಕೂತ್ಕೊಳ್ಳಲಾ? ನೀನು ಬೇಡ ಅಂದ್ರೆ ಹೋಗಲ್ಲ.”

ನಾನು ಜಪಸರದ ಮಣಿ ಉರುಳಿಸುತ್ತಲೇ ಕೂತೆ. ನೀನು ತಲೆಬಾಗಿ, ಸಮಾಧಿ ಕಡೆ ತಿರುಗದೆ ತೂಬಗೆರೆ ದಾರಿ ಹಿಡಿದೆ.

ಎಂಥ ಧರ್ಮವೋ ನಿನ್ನದು! ದೇವರಿಲ್ಲ ಅನ್ನುತ್ತೀರಿ, ಊರೂರು ಬೇಡುತ್ತೀರಿ. ಹೆತ್ತವಳು ಸತ್ತಾಗ ಬರಲಿಲ್ಲ, ಈಗ ಕಣ್ಣು ಮುಚ್ಚಿ ಕೂರುತ್ತೀಯಂತೆ. ಹೊತ್ತು ನೆತ್ತಿ ದಾಟಿದರೆ ನೀವು ಉಣ್ಣುವಂತಿಲ್ಲ. ನಾವು ಇವತ್ತು ಶಿಲುಬೆಗೆ ಮುತ್ತಿಟ್ಟು ಬಂದ ಮೇಲೇ ಗಂಜಿ ಕುಡಿಯುವುದು. ಒಂದೇ ತಟ್ಟೆಯಲ್ಲಿ ಉಂಡವರಿಗೆ ಒಟ್ಟಿಗೆ ಉಣ್ಣುವ ಹೊತ್ತೂ ಉಳಿಯದಂತೆ ಮಾಡಿದೆಯಲ್ಲ, ಮಹಾಜ್ಞಾನಿ!

ಸಂಜೆ ಚರ್ಚಿನಿಂದ ಬಂದು ಗಂಜಿ ಕಾಯಿಸಿದೆ. ಎರಡು ಗುಟುಕಿಗೇ ಕೆಳಗಿಟ್ಟೆ. ಉಪ್ಪು ಹೆಚ್ಚಾಗಿತ್ತೇನೋ.

ಮನೆಯೇ ಇಲ್ಲದವನಿಗೆ ಯಾವ ವಿಳಾಸ ಬರೆದು ಅಂಚೆಗೆ ಹಾಕಲಿ? ಇದು ಬೈಬಲಿನೊಳಗೇ ಇರುತ್ತದೆ. ಅವ್ವನ ಸಮಾಧಿಯ ಮಾತಿಗೆ ನನ್ನ ಉತ್ತರ ಬೇಕಿದ್ದರೆ ಯಾರನ್ನಾದರೂ ಕಳಿಸಿ ತರಿಸಿಕೊ. ನೀನೇ ಬಂದರೂ ಅಡ್ಡಿಯಿಲ್ಲ. ಹೊತ್ತು ನೆತ್ತಿಗೇರುವ ಮೊದಲು ಬಾ. ಭಾನುವಾರದಿಂದ ಬೆಳಿಗ್ಗೆಯೇ ಒಲೆ ಹಚ್ಚಿರುತ್ತೇನೆ.

ಅಕ್ಕ ಮದಲೇನಮ್ಮ