ಮೊದಲು ಪೇಟಿ

೩ ಫೆಬ್ರವರಿ ೨೦೦೪, ಮಂಗಳವಾರ

ಭಜನಾ ಮಂಡಳಿಯ ಸಿ.ಡಿ.ಗೆ ಹಾಡಲೆಂದು ಇವತ್ತೂ ರೈಲು ಹಿಡಿದು ವಾಡಿಗೆ ಹೋಗಿ ಬರಿಗೈಲಿ ಬಂದೆ. ನಾಲ್ಕನೇ ಸಲ. ರಾಮಲಿಂಗನ ಸ್ಟುಡಿಯೋದಲ್ಲಿ ಅದೇ ಗೋಳು. ಕಂಪ್ಯೂಟರಿನೊಳಗಿನ ಪೇಟಿ ಪ್ರೋಗ್ರಾಮ್, ಅಂದರೆ ಹಾರ್ಮೋನಿಯಂ ದನಿಯದು, ಒಂದೇ ಇದ್ದರೆ ಚೆನ್ನಾಗಿ ನುಡಿಯುತ್ತದೆ. ರೆಕಾರ್ಡಿಂಗ್ ಪ್ರೋಗ್ರಾಮಿಗೆ ಜೋಡಿಸಿದರೆ ಎರಡೂ ಮೂಕ. ಸೌಂಡ್ ಕಾರ್ಡ್ ಖಾಲಿ ಇಲ್ಲ ಅಂತ ಮೆಸೇಜು.

“ಡ್ರೈವರ್ ಪ್ರಾಬ್ಲಮ್ ಅದರಿ ಅಕ್ಕೋರ. ಮೂರು ಸಲ ತಗದು ಹಾಕೀನಿ.”

ಡ್ರೈವರ್ ಅಂದರೆ ಕಾರ್ಡಿಗೂ ಪ್ರೋಗ್ರಾಮಿಗೂ ನಡುವಿನ ದುಭಾಷಿ— ಇಷ್ಟು ನನಗೂ ಗೊತ್ತು. ಕಾರ್ಡ್ ಮಾರಿದವನಿಗೆ ಫೋನ್ ಮಾಡಿದರೆ ಪ್ರೋಗ್ರಾಮಿನ ತಪ್ಪು ಅಂದ. ಪ್ರೋಗ್ರಾಮ್ ಕೊಟ್ಟವನು ಕಾರ್ಡಿನ ತಪ್ಪು ಅಂದ. ಕೊನೆಗೆ ಇಬ್ಬರೂ ಒಂದಾಗಿ ವಾಡಿಯ ಕರೆಂಟಿನ ತಪ್ಪು ಅಂದರು!

೧೯೮೨ರಲ್ಲಿ ನಾನು ನಡೆಸುತ್ತಿದ್ದ ಲೈಬ್ರರಿಗೆ ಕಬ್ಬಿಣದ ಕಪಾಟು ಒಂದು ಆಫೀಸಿನಿಂದ ಬಂತು, ಬೀಗದಕೈ ಇನ್ನೊಂದರಿಂದ ಬರಬೇಕಿತ್ತು. ಎರಡು ವರ್ಷ. ಹನ್ನೊಂದು ಪತ್ರ ಬರೆದೆ. ಅಲ್ಲಿಯ ತನಕ ಪುಸ್ತಕ ನೆಲದ ಮೇಲೆ, ಗೆದ್ದಲು ಪುಸ್ತಕದ ಮೇಲೆ. ಇವತ್ತಿಗೂ ಈ ದೇಶದಲ್ಲಿ ತಪ್ಪಿಗೆ ವಾರಸುದಾರ ಹುಟ್ಟಲಿಲ್ಲ.

೪ ಫೆಬ್ರವರಿ, ಬುಧವಾರ

ಭಜನಾ ಮಂಡಳಿ ಸಭೆ. ಜಗಳ. ಮಾಡಿದವಳು ನಾನೇ.

ಮಂಡಳಿಯ ಮೂವತ್ತನೇ ವರ್ಷದ ಸಿ.ಡಿ. ಅದರಲ್ಲಿ ಇಪ್ಪತ್ತಾರು ವರ್ಷ ನಮಗೆ ಪೇಟಿ ನುಡಿಸಿದ ಬಂದೇಅಲಿ ಇಲ್ಲ. ಕಂಪ್ಯೂಟರ್ ಪೇಟಿ ಸಾಕಂತೆ. ಅಧ್ಯಕ್ಷ ಪಾಂಡುರಂಗರಾಯರ ಮಾತು: “ಅವನ ಪೇಟಿ ಗಾಳಿ ಸೋರ್ತದ ಹರಿಪ್ರಿಯಾಬಾಯಿ. ಹಾಡಕಿಂತ ಉಸರಾಟನೇ ಜಾಸ್ತಿ ಕೇಳ್ತದ.”

“ನಿಮ್ಮ ದನಿ ಇಪ್ಪತ್ತು ವರ್ಷದಿಂದ ಸೋರ್ತದ. ನಿಮ್ಮನ್ನ ತಗದು ಹಾಕೀವೇನು?”

ಎಲ್ಲರೂ ನಕ್ಕರು. ರಾಯರು ನಗಲಿಲ್ಲ. ನಾಲ್ವಾರ ಊರಿನ ಜಾಗರಣೆಗೆ ಹೋದಾಗ ರೈಲು ತಪ್ಪಿ, ಪೇಟಿ ಹೆಗಲ ಮೇಲೆ ಹೊತ್ತು ನಡೆದು ಬಂದವನು ಬಂದೇಅಲಿ. ಯಾರಿಗೂ ನೆನಪಿಲ್ಲ. ನನಗಿದೆ. ಕೊನೆಗೆ ಒಂದು ಒಪ್ಪಂದ— ರವಿವಾರ ೧೫ಕ್ಕೆ ರೆಕಾರ್ಡಿಂಗ್, ಅಷ್ಟರೊಳಗೆ ಕಂಪ್ಯೂಟರ್ ಪೇಟಿ ಜೋಡಣೆಯಾಗದಿದ್ದರೆ ಬಂದೇಅಲಿಯೇ ನುಡಿಸಬೇಕು. ಬರೆಸಿ ಸಹಿ ಮಾಡಿಸಿದೆ.

೬ ಫೆಬ್ರವರಿ, ಶುಕ್ರವಾರ

ಬಂದೇಅಲಿಯ ಸೈಕಲ್ ಅಂಗಡಿ. ನಮ್ಮ ಶಹಾಬಾದ ಸ್ಟೇಷನ್ನಿನ ಹೊರಗೆ. ಪಂಕ್ಚರಿನ ಚಕ್ರ ಒಂದು ಕಡೆ, ಬಿಚ್ಚಿದ ಪೇಟಿ ಒಂದು ಕಡೆ. ಗಾಳಿ ಸೋರುವ ಕಡೆಯೆಲ್ಲ ಹೊಸ ತೊಗಲು ಹಚ್ಚುತ್ತಿದ್ದಾನೆ.

“ರವಿವಾರಕ್ಕ ತಯಾರ್ ಮಾಡ್ಲಿಕತ್ತೀನ್ರಿ ಅಕ್ಕೋರ. ಒಂದ್ಯಾಳಿ ಕರದ್ರ ಅಂತ.”

“ಕರೀತಾರ. ಆ ಮಿಶಿನ್ ಮ್ಯಾಲ ನನಗ ಭಾಳ ಭರವಸ ಅದ.”

ನಕ್ಕ. ಮೊಮ್ಮಗಳಿಗೆ ಸಿ.ಡಿ. ಕೇಳಿಸಬೇಕಂತೆ— ಇದು ನಿಮ್ಮ ದಾದಾ ಅಂತ.

೧೦ ಫೆಬ್ರವರಿ, ಮಂಗಳವಾರ

ಮತ್ತೆ ವಾಡಿ. ಪಾಂಡುರಂಗರಾಯರು ಏನು ಮಾಡಿಸುತ್ತಾರೆ ನೋಡಲೆಂದೇ ಹೋದೆ. ರಾಮಲಿಂಗ ಮೊದಲು ಪೇಟಿ ಪ್ರೋಗ್ರಾಮ್ ತೆರೆದ, ಆಮೇಲೆ ರೆಕಾರ್ಡಿಂಗು.

“ಯಾವಾಗಲೂ ಹಿಂಗೇ ಏನು?”

“ಮತ್ತ? ಭಜನಿಗೆ ಕುಂತ್ರ ಮೊದಲ ಪೇಟಿ ಅಲ್ಲೇನ್ರಿ? ಸುರ ಸಿಗದ ನೀವರ ಹ್ಯಾಂಗ ಬಾಯಿ ತಗೀತೀರಿ?”

ಸರಿ ಅನ್ನಿಸಿತು. ನಾನಾದರೂ ಹಾಗೇ ಮಾಡುತ್ತಿದ್ದೆ.

ಸೌಂಡ್ ಕಾರ್ಡಿನ ಜೊತೆಗೆ ಬಂದ ಪುಸ್ತಕ ಎಲ್ಲಿ ಅಂದರೆ— ಟೇಬಲ್ಲಿನ ಕುಂಟು ಕಾಲಿನ ಕೆಳಗೆ! ಮೂವತ್ತು ವರ್ಷ ಲೈಬ್ರರಿ ನಡೆಸಿದವಳ ಎದುರಿಗೆ!

“ಇಂಗ್ಲಿಷ್‌ನಾಗ ಅದರಿ. ಯಾರು ಓದ್ತಾರ?”

“ನಾ ಓದ್ತೀನಿ. ಕಾಲು ಎತ್ತು.”

ಅಲ್ಲಿ ಒಂದು ಫರಸಿ ಕಲ್ಲಿನ ಚೂರು ತುರುಕಿ ಪುಸ್ತಕ ತಂದೆ. ರಟ್ಟಿನ ಮೇಲೆ ಟೇಬಲ್ ಕಾಲಿನ ಗುಂಡನೆಯ ಗಾಯ. ಮೈ ಉರಿಯಿತು.

೧೪ ಫೆಬ್ರವರಿ, ಶನಿವಾರ. ಬೆಳಿಗ್ಗೆ ೭

ಪುಟ ೧೧೮! ಕೆಳಗೆ ಇರುವೆಯಂಥ ಅಕ್ಷರದಲ್ಲಿ. ಮೊದಲು ತೆರೆದ ಪ್ರೋಗ್ರಾಮ್ ಡ್ರೈವರನ್ನು ತನ್ನೊಬ್ಬನಿಗೇ ಹಿಡಿದುಕೊಳ್ಳುತ್ತದೆ. ಜೋಡಿಸುವುದಿದ್ದರೆ ರೆಕಾರ್ಡಿಂಗ್ ಮೊದಲು, ವಾದ್ಯ ಆಮೇಲೆ. ಮುಚ್ಚುವಾಗ ವಾದ್ಯ ಮೊದಲು. ಇಷ್ಟೇ. ಇದನ್ನು ಮೊದಲ ಪುಟದಲ್ಲಿ ದಪ್ಪಗೆ ಹಾಕಲು ಏನು ಧಾಡಿ? ಕಾರ್ಡ್ ಮಾರಿದವನಿಗೆ, ಪ್ರೋಗ್ರಾಮ್ ಕೊಟ್ಟವನಿಗೆ ಇಬ್ಬರಿಗೂ ಪತ್ರ ಬರೆಯುತ್ತೇನೆ. ಮೊದಲು ಇದು ವಾಡಿಗೆ ಮುಟ್ಟಲಿ. ಪ್ಯಾಸೆಂಜರ್ ಎಂಟೂವರೆಗೆ.

ಅದೇ ದಿನ, ಸಂಜೆ

ಮೂರು ನಿಮಿಷ. ರೆಕಾರ್ಡಿಂಗ್ ಮೊದಲು ತೆರೆಸಿದೆ, ಪೇಟಿ ಆಮೇಲೆ. ಎರಡೂ ಒಟ್ಟಿಗೆ ನುಡಿದವು. ರಾಮಲಿಂಗ ಎದ್ದು ಕೈ ಮುಗಿದ. ಪಾಂಡುರಂಗರಾಯರು ಚಪ್ಪಾಳೆ ಹೊಡೆದರು, “ಅದಕ್ಕೇ ಓದಿದೋರು ಬೇಕು ಅನ್ನೋದು!” ನಾನು ಉಬ್ಬಿದೆ. ಸುಳ್ಳು ಯಾಕೆ ಬರೆಯಲಿ, ರೈಲಿನುದ್ದಕ್ಕೂ ಉಬ್ಬಿಕೊಂಡೇ ಬಂದೆ.

ಶಹಾಬಾದದಲ್ಲಿ ಇಳಿದೆ. ಸೈಕಲ್ ಅಂಗಡಿ ತೆರೆದಿತ್ತು. ಬಂದೇಅಲಿ ಪೇಟಿಗೆ ಎಣ್ಣೆ ಒರೆಸುತ್ತಿದ್ದ. ಒಳಗಿನ ಗೂಟಕ್ಕೆ ಇಸ್ತ್ರಿ ಮಾಡಿದ ಬಿಳಿ ಅಂಗಿ.

ಆಗ ನೆನಪಾಯಿತು— ನಾಳೆ ರವಿವಾರ.

ಅವನ ಕಣ್ಣಿಗೆ ಬೀಳದ ಹಾಗೆ ಆ ಕಡೆಯ ರಸ್ತೆ ಹಿಡಿದು ಮನೆಗೆ ಬಂದೆ.

೧೫ ಫೆಬ್ರವರಿ, ರವಿವಾರ

ಬೆಳಿಗ್ಗೆಯೇ ಪಾಂಡುರಂಗರಾಯರಿಗೆ ಫೋನ್. ಒಂದು ಹಾಡಿಗಾದರೂ ಬಂದೇಅಲಿಯನ್ನು ಕರೆಯಿರಿ ಅಂದೆ.

“ಅಲ್ಲರಿ ಹರಿಪ್ರಿಯಾಬಾಯಿ, ನೀವೇ ರಿಪೇರಿ ಮಾಡಿ ನೀವೇ ಬ್ಯಾಡ ಅಂತೀರೇನು? ಕಾಗದಕ್ಕ ಸಹಿ ಮಾಡಿಸಿದೋರು ಯಾರು?”

ಬೈದೆ. ಜೋರಾಗಿ ಬೈದೆ. ಏನು ಬೈದೆನೋ ಅದರಲ್ಲಿ ಒಂದೂ ಅವರಿಗೆ ಸಲ್ಲುವ ಮಾತಲ್ಲ.

ನಾನು ವಾಡಿಗೆ ಹೋಗಲಿಲ್ಲ. ಹಾಡಲಿಲ್ಲ. ಇದರಿಂದ ಯಾರಿಗೆ ಏನಾಯಿತು?

೯ ಮಾರ್ಚ್, ಮಂಗಳವಾರ

ಸಿ.ಡಿ. ಬಂತು. ಒಂದನ್ನು ನಾನೇ ಬಂದೇಅಲಿಗೆ ಒಯ್ದೆ. ಬೇರೆಯವರ ಕೈಲಿ ಕಳಿಸುವುದು ಹೇಡಿತನ.

ಪಕ್ಕದ ಅಂಗಡಿಯ ಪ್ಲೇಯರಿನಲ್ಲಿ ಹಾಕಿಸಿದ. ಕಣ್ಣು ಮುಚ್ಚಿ ಕೇಳಿದ. ಬಲಗೈ ಬೆರಳು ತೊಡೆಯ ಮೇಲೆ ಆಡುತ್ತಿದ್ದವು.

“ಸುರ ಬರೋಬರ್ ಅದ,” ಅಂದ. “ಆದ್ರ ಹಾಡೋರು ಉಸರು ತಗೋಳೋತನಾ ಪೇಟಿ ನಿಲ್ಲಂಗೇ ಇಲ್ಲ. ಹಿಂದ ಪೊಲೀಸರು ಬಿದ್ದಾಂಗ ಓಡ್ತದ.”

ಇಬ್ಬರೂ ನಕ್ಕೆವು. ಆಮೇಲೆ ಕೇಳಿದ—

“ಆ ಮಿಶಿನ್‌ನಾಗ ಎರಡೂ ಕೂಡವಲ್ಲವು ಅಂತಿದ್ರಲ್ರಿ. ಯಾರು ಕೂಡಿಸಿದ್ರು ಅಕ್ಕೋರ?”

“ರಾಮಲಿಂಗ” ಅಂದೆ.

“ಶಾಣ್ಯಾ ಇದ್ದಾನ್ರಿ,” ಅಂದ. “ಕುಂದ್ರಿ, ಚಾ ಹೇಳ್ತೀನಿ.”

ಕುಂತೆ. ಚಾ ಬಂತು. ಕುಡಿದೆ ಕೂಡ. ನಾಳೆ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹೋಗಿ, ಬಂದೇಅಲಿ, ಅದು ರಾಮಲಿಂಗ ಅಲ್ಲ, ನಾನೇ ಅನ್ನಬೇಕು.