ಜಗಲಿಯ ಮೇಲಿನ ಬಸವನಹುಳ

ಮಯೂರಿಯ ಅಪ್ಪನಿಗೆ,

ಸೋಯಾಬೀನ್ ಹೊಲಕ್ಕೆ ಹುಳ ಆರಿಸಲು ಹೋಗಿದ್ದೇನೆ. ಬಿಸಿಲೇರಿದರೆ ಅವು ಮಣ್ಣಿನಡಿ ಸೇರುತ್ತವೆ, ಅದಕ್ಕೇ ನೀವು ಉಮರ್ಗಾದಿಂದ ಬರುವವರೆಗೆ ಕಾಯಲಿಲ್ಲ.

ದೇವರ ಜಗಲಿಯ ಮೇಲೆ ಬುಟ್ಟಿ ಬೋರಲು ಹಾಕಿದ್ದೇನೆ, ಎತ್ತಬೇಡಿ. ಬೇಸಿಗೆಯಲ್ಲಿ ನಿಮ್ಮ ಅವ್ವ ಹೊಲದಿಂದ ತಂದು ಪೂಜೆಗಿಟ್ಟರಲ್ಲ, ಆ ಶಂಖ ಶಂಖವಲ್ಲ. ಬಾಯಿ ಮುಚ್ಚಿಕೊಂಡು ಮಲಗಿದ್ದ ಬಸವನಹುಳ. ಮಳೆಯ ತಂಪಿಗೆ ಇವತ್ತು ಎದ್ದು, ಕೊಂಬು ಚಾಚಿ, ಪೂಜೆಯ ಬಿಲ್ವಪತ್ರೆ ತಿನ್ನುತ್ತಿತ್ತು.

ಅವ್ವನದು ನಸುಕಿನಿಂದ ಒಂದೇ ಮಾತು: "ಮೂರು ತಿಂಗಳು ಒಂದು ಜೀವದ ಬಾಯಿಗಿ ವಿಭೂತಿ ಮೆತ್ತೀನಲ್ಲೋ ಶಿವಾ." ಚಹಾ ಕೂಡ ಕುಡಿದಿಲ್ಲ. "ಬೇಸಿಗೆಯಲ್ಲಿ ಅದು ತಾನೇ ಬಾಯಿಗೆ ಮುಚ್ಚಳ ಕಟ್ಟಿಕೊಳ್ಳುತ್ತದೆ, ನಿಮ್ಮ ತಪ್ಪೇನಿಲ್ಲ" ಎಂದೆ. ಸೊಸೆಯ ಮಾತು ಯಾರು ಕೇಳುತ್ತಾರೆ? ನೀವೇ ಹೇಳಿ. ಹತ್ತಿರ ಕೂತು ಹೇಳಿ, ಬಾಗಿಲಲ್ಲಿ ನಿಂತು ಕೂಗಬೇಡಿ.

ಆರಿಸಿದ ಹುಳಗಳನ್ನು ನಾವು ಏನು ಮಾಡುತ್ತೇವೆಂದು ಅವರಿಗೆ ಗೊತ್ತಾಗಿದೆ. "ಬಸವನ ಹೆಸರು ಇಟ್ಕೊಂಡಿದ್ದಕ್ಕ ಉಪ್ಪಿನ ನೀರಾಗ ಹಾಕ್ತೀರೇನ?" ಎಂದು ಕೇಳಿದರು. ಎರಡು ಸಲ ಬಿತ್ತಿದ್ದನ್ನು ತಿಂದು ಹಾಕಿದ್ದು ಯಾರು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಉಪ್ಪಿನ ಡಬ್ಬಿಯನ್ನು ತಮ್ಮ ಸೀರೆಯ ಟ್ರಂಕಿನಲ್ಲಿ ಬಚ್ಚಿಟ್ಟಿದ್ದಾರೆ. ನೋಡಿದೆ, ಮುಟ್ಟಲಿಲ್ಲ. ನೀವೂ ತೆಗೆಯಬೇಡಿ. ಹೊಲಕ್ಕೆ ಉಪ್ಪಿನ ಬದಲು ಸಾಬೂನಿನ ಪುಡಿ ಒಯ್ದಿದ್ದೇನೆ, ಅದನ್ನು ಮಾತ್ರ ಅವರಿಗೆ ಹೇಳಬೇಡಿ.

ಜೋಳದ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ಬೇಳೆ ಒಲೆಯ ಮೇಲಿದೆ. ಬೇಳೆ ಸಪ್ಪಗಿದೆ. ಅವ್ವನ ಪಕ್ಕದಲ್ಲೇ ಕೂತು, ಉಪ್ಪು ಕೇಳದೆ ಉಣ್ಣಿ. ನೀವು ಉಂಡರೆ ಅವರೂ ಉಣ್ಣುತ್ತಾರೆ.